ಮಾವನ ಕಾರಿನ ಬ್ರೇಕು

ಗಡಿಯಾರ ರಿಪೇರಿ ಮಾಡುವವನ ಹೆಂಡತಿ ತನ್ನ ಕೈಗಡಿಯಾರವನ್ನು ಗುಟ್ಟಾಗಿ ಬೇರೆ ಅಂಗಡಿಗೆ ಕೊಟ್ಟು ರಿಪೇರಿ ಮಾಡಿಸಿಕೊಂಡಳೆಂದರೆ ಆ ಗಂಡನಿಗೆ ಏನನ್ನಿಸಬೇಕು? ನೀವೇ ಹೇಳಿ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮ ಕಥೆಯ ಯಜಮಾನರಿಗೆ ಚಿಕ್ಕಂದಿನಿಂದಲೂ ಗೊತ್ತಿತ್ತು. ಆದರೆ ಆ ಗಿಡ ತಾವೇ ಎಂದು ಗೊತ್ತಾದದ್ದು ಮಾತ್ರ ಒಂದು ಭಾನುವಾರ ಬೆಳಿಗ್ಗೆ, ಕನ್ನಡಕ ಹುಡುಕುತ್ತ ಹೆಂಡತಿಯ ಕೈಚೀಲಕ್ಕೆ ಕೈಹಾಕಿದಾಗ. ಕನ್ನಡಕ ಸಿಗಲಿಲ್ಲ, ರಸೀದಿ ಸಿಕ್ಕಿತು. ಕನ್ನಡಕವಿಲ್ಲದೆಯೂ ಓದಿಸಿಕೊಳ್ಳುವಷ್ಟು ದಪ್ಪ ಅಕ್ಷರದಲ್ಲಿ ಬರೆದಿತ್ತು: ಲೇಡೀಸ್ ವಾಚು ಒಂದು, ರಿಪೇರಿ ಆಗಿದೆ.

(ಯಜಮಾನರು ಎಂದು ಕರೆಯುವುದು ರೂಢಿಗಾಗಿ. ಅಧಿಕಾರದ ವಿಷಯಕ್ಕೆ ಆಮೇಲೆ ಬರೋಣ.)

"ಏನೇ ಇದು?"

"ರಸೀದಿ," ಎಂದಳು ಮನೆಯಾಕೆ, ಮಡಿಸುತ್ತಿದ್ದ ಬಟ್ಟೆಯಿಂದ ತಲೆ ಎತ್ತದೆ.

"ರಸೀದಿ ಅಂತ ನಂಗೂ ಕಾಣುತ್ತೆ. ನಲವತ್ತು ವರ್ಷ ಊರಿನ ಗಡಿಯಾರವೆಲ್ಲ ನನ್ನ ಕೈಲಿ ನಡೆದಿದೆ. ನಾನಿನ್ನೂ ಬದುಕಿರೋವಾಗಲೇ..."

"ನಿಮ್ಮ ಕೈಗೆ ಕೊಟ್ಟು ನಾಲ್ಕು ತಿಂಗಳು ಕಾದೆ ರೀ. ಕೇಳಿದಾಗೆಲ್ಲ ನಾಳೆ ನಾಳೆ ಅಂದ್ರಿ. ಕೊನೆಗೆ ನಾನೇ ಡ್ರಾಯರಿನಿಂದ ತಗೊಂಡು ಹೋದೆ. ಅದು ಅಲ್ಲಿ ಇಲ್ಲ ಅನ್ನೋದೂ ನಿಮಗೆ ಗೊತ್ತಾಗಿಲ್ಲ."

ಯಜಮಾನರು ರಸೀದಿಯನ್ನು ಮಡಿಸಿ ಕೈಚೀಲಕ್ಕೇ ವಾಪಸು ಹಾಕಿದರು. ಆ ನಾಳೆಗಳಿಗೆ ಒಂದು ಕಾರಣವಿತ್ತು. ಒಂದು ವರ್ಷದಿಂದ, ಅಂದರೆ ಅಂಗಡಿಗೆ ಬೀಗ ಹಾಕಿದ ಮೇಲೆ, ಸಾಸಿವೆ ಕಾಳಿನಷ್ಟು ಸ್ಕ್ರೂ ಹಿಡಿದರೆ ಅವರ ಬಲಗೈ ಬೆರಳು ಸಣ್ಣಗೆ ನಡುಗುತ್ತಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೆ ಗೊತ್ತಿಲ್ಲವೆಂದೇ ಅವರ ನಂಬಿಕೆ. ಆಕೆಗೆ ಗೊತ್ತಿತ್ತು, ಗೊತ್ತಿದ್ದುದರಿಂದಲೇ ಗುಟ್ಟಾಗಿ ಬೇರೆ ಅಂಗಡಿಗೆ ಹೋಗಿದ್ದಳು. ಹೀಗೆ ಇಬ್ಬರೂ ಒಬ್ಬರಿಂದೊಬ್ಬರು ಬಚ್ಚಿಟ್ಟದ್ದು ಒಂದೇ ಸಂಗತಿಯನ್ನು. ದಾಂಪತ್ಯ ಹಳೆಯದಾದಂತೆ ಇಂಥದ್ದೆಲ್ಲ ಆಗುತ್ತದೆ.

ಅವತ್ತಿನಿಂದ ಯಜಮಾನರ ಮನಸ್ಸಿನಲ್ಲಿ ಒಂದೇ ಹಟ. ಹೆಂಡತಿ ಏನನ್ನಾದರೂ ತಮ್ಮ ಕೈಗೆ ಕೊಟ್ಟು, 'ಇವರು ಮಾಡಿದ್ದಾರೆ, ಸರಿಯಾಗೇ ಇರುತ್ತೆ' ಎಂದು ನಂಬಬೇಕು. ಮಿಕ್ಸಿ ಬಿಚ್ಚಿದರು, ಅದು ಜೋಡಿಸಿದ ಮೇಲೆ ಹಿಂದುಮುಂದಾಗಿ ತಿರುಗಿತು. ಇಸ್ತ್ರಿಪೆಟ್ಟಿಗೆ ಬಿಚ್ಚಲು ಹೋದಾಗ ಅದು ಮಂಚದ ಕೆಳಗೆ ಮಾಯವಾಗಿತ್ತು. (ಅಡಗಿಸಿಟ್ಟವರು ಯಾರೆಂದು ಹೇಳಬೇಕಾಗಿಲ್ಲ.) ಕೊನೆಗೆ ಉಳಿದದ್ದು, ಬೆರಳಿಂದಲ್ಲ, ಇಡೀ ಕೈಯಿಂದ ಹಿಡಿಯುವಂಥ ವಸ್ತು ಒಂದೇ: ಮಾವನ ಕಾರು.

ಈ ಕಾರು ಆರು ವರ್ಷದ ಹಿಂದೆ ಮಾವ ತೀರಿಕೊಂಡ ಮೇಲೆ ಅತ್ತೆಯವರ ಜೊತೆಯಲ್ಲಿ ಮನೆಗೆ ಬಂದದ್ದು. ಗುಂಡುಗುಂಡಾದ ದೀಪ, ಕೆನೆಬಣ್ಣ, ಸೋಫಾದಂಥ ಸೀಟು. ವಯಸ್ಸಿನಲ್ಲಿ ಮನೆಯಾಕೆಗಿಂತ ಎರಡು ವರ್ಷ ದೊಡ್ಡದು, ಗೌರವದಲ್ಲಿ ಯಜಮಾನರಿಗಿಂತ ನಾಲ್ಕು ಪಟ್ಟು. ಯಜಮಾನರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಮನೆಯಾಕೆ ಅಪ್ಪನ ಪಕ್ಕದಲ್ಲಿ ಕೂತು ಇದರಲ್ಲೇ ಕಲಿತವಳು. ಎಲ್ಲ ಹಳೆಯ ಕಾರುಗಳಂತೆ ಇದಕ್ಕೂ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಅಂದರೆ ಚಕ್ರದ ಒಳಗೆ ಪಾತ್ರೆಯಂಥ ಒಂದು ಕಬ್ಬಿಣದ ಡ್ರಮ್ಮು, ಅದರೊಳಗೆ ಅರ್ಧಚಂದ್ರದಂತೆ ಬಾಗಿದ ಎರಡು ಬ್ರೇಕ್ ಶೂ, ಶೂಗಳ ಮೈಮೇಲೆ ಲೈನಿಂಗು ಎಂಬ ಗಟ್ಟಿ ಪಟ್ಟಿ. ಪೆಡಲು ತುಳಿದರೆ ಶೂಗಳು ಅಗಲಗೊಂಡು ಡ್ರಮ್ಮಿನ ಒಳಮೈಗೆ ಉಜ್ಜಿಕೊಳ್ಳುತ್ತವೆ. ಉಜ್ಜಿದರೆ ಚಕ್ರ ನಿಲ್ಲುತ್ತದೆ. ಇಷ್ಟೇ ವಿದ್ಯೆ.

ಆದರೆ ಉಜ್ಜಿ ಉಜ್ಜಿ ಲೈನಿಂಗು ಸವೆದುಹೋಗಿತ್ತು. ತರಕಾರಿ ಅಂಗಡಿಯ ಮುಂದೆ ನಿಲ್ಲಬೇಕಾದರೆ ಮನೆಯಾಕೆ ಔಷಧಿ ಅಂಗಡಿಯ ಹತ್ತಿರವೇ ತುಳಿಯಲು ಶುರುಮಾಡಬೇಕು. ಒಂದು ಸಲ ಅಲ್ಲ, ಮೂರು ಸಲ. ಮೂರನೆಯದಕ್ಕೆ ಕಾರು ಕೀಚೆಂದು ಕಿರುಚಿ, ಎಡಕ್ಕೆ ಎಳೆದು, ಮನಸ್ಸಿದ್ದರೆ ನಿಲ್ಲುತ್ತಿತ್ತು. ಈ ಕಾರಣಕ್ಕೆ ಆಕೆ ಓಡಿಸುತ್ತಿದ್ದುದು ಎಷ್ಟು ನಿಧಾನವೆಂದರೆ ಹಿಂದಿನಿಂದ ಸೈಕಲ್ಲಿನವರು ಬೆಲ್ ಹೊಡೆಯುತ್ತಿದ್ದರು. ಆ ತಿಂಗಳು ಗೇಟಿನ ಪಕ್ಕದ ಕಸದ ಡಬ್ಬ ಎರಡು ಸಲ ಅಪ್ಪಚ್ಚಿಯಾದ ಮೇಲೆ ಗ್ಯಾರೇಜಿನ ಮೇಸ್ತ್ರಿಯನ್ನು ಕರೆಸಿದರು. ಮಾವನ ಕಾಲದಿಂದಲೂ ಈ ಕಾರನ್ನು ನೋಡಿಕೊಂಡವರು ಅವರೇ.

ಮೇಸ್ತ್ರಿ ಒಂದು ಚಕ್ರ ಬಿಚ್ಚಿ ನೋಡಿ ತಲೆಯಾಡಿಸಿದರು. "ಲೈನಿಂಗ್ ಕಾಗದ ಆಗ್ಬಿಟ್ಟಿದೆ ಅಕ್ಕಾ. ಹೊಸ ಪಟ್ಟಿ ಹೊಡೆಸ್ಬೇಕು. ನನ್ನ ಕೇಳಿದ್ರೆ ಮುಂದಿನ ಎರಡು ಚಕ್ರಕ್ಕೆ ಈ ಡ್ರಮ್ ಸಹವಾಸಾನೇ ಬೇಡ, ಡಿಸ್ಕ್ ಬ್ರೇಕ್ ಹಾಕಿಸಿಬಿಡಿ. ಈಗಿನ ಕಾರುಗಳ ಥರ."

"ಅದೆಲ್ಲ ಆಗಲ್ಲ," ಎಂದರು ಅತ್ತೆಯವರು ಕುರ್ಚಿಯಿಂದಲೇ. "ಅವರು ಇಟ್ಟ ಹಾಗೇ ಇರ್ಬೇಕು. ಒಂದು ನಟ್ಟೂ ಬದಲಾಗಕೂಡದು."

"ಅಮ್ಮಾ, ಅಪ್ಪ ಇಟ್ಟ ಹಾಗೇ ಇದ್ರೆ ನಾವು ಅಪ್ಪ ಇರೋ ಕಡೆಗೇ ಹೋಗ್ತೀವಿ. ನಂಗೆ ಡ್ರಮ್ಮಾದ್ರೂ ಸರಿ, ಡಿಸ್ಕಾದ್ರೂ ಸರಿ. ನಿಲ್ಬೇಕು, ಅಷ್ಟೇ."

"ಡ್ರಮ್ಮೇ ಆದ್ರೂ ನನ್ನ ಕೈಲಿ ಇನ್ನು ಹದಿನೈದು ದಿನ ಆಗಲ್ಲ," ಎಂದರು ಮೇಸ್ತ್ರಿ. "ಗ್ಯಾರೇಜ್ ತುಂಬಿದೆ."

ಆಗ ಯಜಮಾನರ ಬಾಯಿಂದ ಆ ಐತಿಹಾಸಿಕ ವಾಕ್ಯ ಹೊರಬಿತ್ತು. "ನಾನೇ ಮಾಡ್ತೀನಿ."

ಮೇಸ್ತ್ರಿ ಕೈ ಒರೆಸಿಕೊಂಡು ಮೆಲ್ಲಗೆ ಹೇಳಿದರು. "ಗಡಿಯಾರಕ್ಕೂ ಇದಕ್ಕೂ ಸ್ವಲ್ಪ ವ್ಯತ್ಯಾಸ ಇದೆ ಯಜಮಾನ್ರೇ. ಗಡಿಯಾರ ಕೆಟ್ರೆ ಬಸ್ಸು ತಪ್ಪುತ್ತೆ. ಬ್ರೇಕು ಕೆಟ್ರೆ ಬಸ್ಸು ತಪ್ಪಲ್ಲ."

ಮನೆಯಾಕೆ ಬೇಡ ಎನ್ನಲು ಬಾಯಿ ತೆರೆದವಳು ಗಂಡನ ಮುಖ ನೋಡಿದಳು. ಆ ಮುಖದಲ್ಲಿ ಏನಿತ್ತೋ, "ಮಾಡ್ಲಿ ಬಿಡಿ," ಎಂದಳು. ಹೇಳಿದ ರೀತಿಯಲ್ಲಿ ನಂಬಿಕೆ ಇರಲಿಲ್ಲ, ಕನಿಕರ ಇತ್ತು. ಯಜಮಾನರಿಗೆ ಅದು ಗೊತ್ತಾಯಿತು. ಕನಿಕರದ ಮೇಲೆ ಸಿಕ್ಕ ಕೆಲಸವನ್ನು ನಂಬಿಕೆಯ ಕೆಲಸ ಮಾಡಿ ತೋರಿಸುತ್ತೇನೆ ಎಂದು ಅವರು ಮನಸ್ಸಿನಲ್ಲೇ ಪಣ ತೊಟ್ಟರು.

ಮರುದಿನದಿಂದ ಮನೆಯ ಮುಂದಿನ ಶೆಡ್ಡು ಶಸ್ತ್ರಚಿಕಿತ್ಸೆಯ ಕೊಠಡಿಯಾಯಿತು. ನೆಲಕ್ಕೆ ಬಿಳಿ ಬೆಡ್‌ಶೀಟು ಹಾಸಿದರು. (ಹೊಸದು. ಇದರ ಬಗ್ಗೆ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ.) ಕಣ್ಣಿಗೆ ಗಡಿಯಾರದವರ ಭೂತಗನ್ನಡಿ ಸಿಕ್ಕಿಸಿಕೊಂಡು ಮೊದಲ ಡ್ರಮ್ಮಿನ ಮುಂದೆ ಕೂತರು. ಡ್ರಮ್ಮು ತುಕ್ಕು ಹಿಡಿದು ಅಂಟಿಕೊಂಡಿತ್ತು. ಯಜಮಾನರು ತಮ್ಮ ಪುಟ್ಟ ಹಿತ್ತಾಳೆ ಸುತ್ತಿಗೆಯಿಂದ ಟಿಕ್ ಟಿಕ್ ಎಂದು ತಟ್ಟಿದರು. ಅರ್ಧ ಗಂಟೆ ತಟ್ಟಿದರು. ಅತ್ತೆಯವರು ಕುರ್ಚಿಯಿಂದ ನೋಡಿ ನೋಡಿ ಸಾಕಾಗಿ, "ಅಳಿಯಂದಿರೇ, ಅದೇನು ಬಾಗಿಲು ತಟ್ಟಿ ಅಪ್ಪಣೆ ಕೇಳ್ತಿದ್ದೀರಾ?" ಎಂದು ಒಳಗಿನಿಂದ ಮೊಳೆ ಹೊಡೆಯುವ ದೊಡ್ಡ ಸುತ್ತಿಗೆ ತಂದುಕೊಟ್ಟರು. ಮರದ ತುಂಡು ಅಡ್ಡ ಇಟ್ಟು ಎರಡೇಟು ಕೊಟ್ಟ ಕೂಡಲೆ ಡ್ರಮ್ಮು ಕಳಚಿ ಬಂತು. ಅದರ ಹಿಂದೆಯೇ ಒಂದು ಸ್ಪ್ರಿಂಗು ಚಿಮ್ಮಿ ಯಜಮಾನರ ಕಿವಿಯ ಪಕ್ಕದಲ್ಲಿ ಹಾದು ಅತ್ತೆಯವರ ಕಾಫಿ ಲೋಟಕ್ಕೆ ಬಿತ್ತು. ಅತ್ತೆಯವರು ಅದನ್ನು ಚಮಚದಿಂದ ತೆಗೆದು ಒರೆಸಿ ಬೆಡ್‌ಶೀಟಿನ ಮೇಲಿಟ್ಟರು.

ಆದರೆ ಸುಳ್ಳು ಹೇಳಬಾರದು, ಮುಂದಿನ ನಾಲ್ಕು ದಿನ ಯಜಮಾನರು ಮಾಡಿದ ಕೆಲಸ ನೋಡುವಂತಿತ್ತು. ಬಿಚ್ಚಿದ ಪ್ರತಿಯೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಜೋಡಿಸಿ ಪಕ್ಕದಲ್ಲಿ ನಂಬರು ಬರೆದರು. ಶೂಗಳನ್ನು ತೆಗೆದುಕೊಂಡು ಹೋಗಿ ಹೊಸ ಲೈನಿಂಗು ಹೊಡೆಸಿಕೊಂಡು ಬಂದರು. ಡ್ರಮ್ಮಿನ ಒಳಮೈಯನ್ನು ಉಪ್ಪುಕಾಗದದಿಂದ ತಿಕ್ಕಿ ಮುಖ ಕಾಣುವ ಹಾಗೆ ಮಾಡಿದರು. ಶೂ ಮತ್ತು ಡ್ರಮ್ಮಿನ ನಡುವಿನ ಅಂತರವನ್ನು ಹೊಂದಿಸುವುದಕ್ಕೆ ಅದರೊಳಗೆ ಹಲ್ಲುಹಲ್ಲಿನ ಒಂದು ಚಿಕ್ಕ ಚಕ್ರವಿತ್ತು. ತಿರುಗಿಸಿದರೆ ಕ್ಲಿಕ್, ಕ್ಲಿಕ್ ಎಂದು ಒಂದೊಂದೇ ಹಲ್ಲು ಸರಿಯುತ್ತಿತ್ತು. ಆ ಸದ್ದು ಕೇಳಲೆಂದೇ ಯಜಮಾನರು ಅದನ್ನು ಇನ್ನೊಂದು ಸಲ ಹಿಂದಕ್ಕೂ ಮುಂದಕ್ಕೂ ತಿರುಗಿಸಿದರು. ಒಂದು ವರ್ಷದ ಮೇಲೆ ಅವರಿಗೆ ಗೊತ್ತಿರುವ ಭಾಷೆಯಲ್ಲಿ ಒಂದು ಯಂತ್ರ ಮಾತಾಡಿತ್ತು. ಆ ಹಲ್ಲುಗಳು ದೊಡ್ಡವು, ಬೆರಳು ನಡುಗುವುದಕ್ಕೆ ಅಲ್ಲಿ ಕಾರಣವೇ ಇರಲಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ಯಜಮಾನರ ಮರ್ಯಾದೆಯೂ ಉಳಿಯುತ್ತಿತ್ತು. ಎಲ್ಲ ಜೋಡಿಸಿ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿದರು. ಸರ್... ಸರ್... ಎಂದು ಸಣ್ಣ ಸದ್ದು. ಹೊಸ ಲೈನಿಂಗು ಡ್ರಮ್ಮಿಗೆ ಎಲ್ಲೋ ಚೂರು ತಾಗುತ್ತಿತ್ತು. ಗಡಿಯಾರದವರ ಕಿವಿಗೆ ಉಜ್ಜುವ ಸದ್ದೆಂದರೆ ಕಾಯಿಲೆ. ನಲವತ್ತು ವರ್ಷ ಅವರು ಆ ಕಾಯಿಲೆಗೆ ಕೊಟ್ಟ ಔಷಧಿ ಒಂದೇ.

ಒಳಗೆ ಹೋಗಿ ಗಡಿಯಾರದ ಎಣ್ಣೆಯ ಶೀಸೆ ತಂದರು.

"ಅಲ್ಲಿಗೆ ಎಣ್ಣೆ ಹಾಕಬಹುದಾ?" ಎಂದರು ಅತ್ತೆಯವರು.

"ಅತ್ತೆ, ಈ ಜಗತ್ತಿನಲ್ಲಿ ಸದ್ದು ಮಾಡೋದೆಲ್ಲ ಎಣ್ಣೆ ಕೇಳ್ತಿರುತ್ತೆ."

"ನಮ್ಮನೆಯವರು ಹಾಕಿದ್ದು ನಾನು ನೋಡಿಲ್ಲಪ್ಪ."

"ಅದಕ್ಕೇ ಕೀಚು ಕೀಚು ಅಂತಿತ್ತು!"

ಮೇಸ್ತ್ರಿಯನ್ನು ಒಂದು ಮಾತು ಕೇಳಬಹುದಿತ್ತು, ಗ್ಯಾರೇಜೇನು ದೂರವಿರಲಿಲ್ಲ. ಆದರೆ ಬಸ್ಸಿನ ಮಾತು ಇನ್ನೂ ಚುಚ್ಚುತ್ತಿತ್ತು. ಯಜಮಾನರು ನಾಲ್ಕೂ ಡ್ರಮ್ಮು ಮತ್ತೆ ಬಿಚ್ಚಿ, ಎಂಟೂ ಲೈನಿಂಗಿಗೆ ಒಂದೊಂದು ತೊಟ್ಟು ಎಣ್ಣೆ ಬಿಟ್ಟರು. ಲೈನಿಂಗು ಅದನ್ನು ಹೀರಿಕೊಂಡಿತು. ಪಾಪ, ಬಾಯಾರಿತ್ತೆಂದು ಇನ್ನೊಂದು ತೊಟ್ಟು ಬಿಟ್ಟರು. ಶೀಸೆ ಮುಗಿಯುವ ಹೊತ್ತಿಗೆ ಎಲ್ಲವೂ ತೃಪ್ತಿಯಾದಂತೆ ಕಂಡವು. ಚಕ್ರ ಮುಟ್ಟಿದರೆ ಸಾಕು, ರೇಷ್ಮೆಯ ಹಾಗೆ ತಿರುಗಿತು. ಒಂದಿಷ್ಟೂ ಸದ್ದಿಲ್ಲ. ಹೆಂಡತಿಯನ್ನು ಕರೆದು ಆ ಸದ್ದಿಲ್ಲದ್ದನ್ನು ಕೇಳಿಸಿದರು.

"ನೋಡು, ಹೇಗೆ ತಿರುಗುತ್ತೆ!"

"ತಿರುಗೋದು ಮೊದಲೂ ತಿರುಗ್ತಿತ್ತಲ್ಲ ರೀ," ಎಂದಳಾಕೆ. ಆದರೂ ಕೀಲಿಕೈ ತಂದಳು. ಮುಂದಿನ ಸೀಟಿನಲ್ಲಿ ಯಜಮಾನರು ಕೂತರು, ಹಿಂದೆ ಅತ್ತೆಯವರು. ಅಳಿಯನ ಕೆಲಸಕ್ಕೆ ಸಾಕ್ಷಿಯಾಗಿ ಬಂದದ್ದೋ ಮಗಳನ್ನು ಒಬ್ಬಳೇ ಬಿಡಬಾರದೆಂದು ಬಂದದ್ದೋ, ಅವರು ಹೇಳಲಿಲ್ಲ.

ಮನೆಯ ಬೀದಿ ಮುಗಿಯುವಲ್ಲಿ ಅಡ್ಡರಸ್ತೆ. ಎಡಕ್ಕೆ ತಿರುಗಿದರೆ ಮಾರುಕಟ್ಟೆಗೆ ಇಳಿಜಾರು, ಬಲಕ್ಕೆ ತಿರುಗಿದರೆ ಗ್ಯಾರೇಜಿನ ಕಡೆಗೆ ಏರು. ಅಲ್ಲಿ ನಿಲ್ಲಿಸಲೆಂದು ಮನೆಯಾಕೆ ಬ್ರೇಕು ತುಳಿದಳು. ಪೆಡಲು ಕಲ್ಲಿನಂತೆ ಗಟ್ಟಿಯಾಗಿತ್ತು, ಹಿಂದೆಂದೂ ಇಷ್ಟು ಚೆನ್ನಾಗಿರಲಿಲ್ಲ. ಕಾರು ಮಾತ್ರ ತನ್ನ ಪಾಡಿಗೆ ತಾನು ಹೋಗುತ್ತಲೇ ಇತ್ತು.

"ರೀ, ನಿಲ್ತಿಲ್ಲ."

"ತುಳಿ."

"ತುಳಿದಿದ್ದೀನಿ."

"ಇನ್ನೂ ತುಳಿ."

"ಇದಕ್ಕಿಂತ ತುಳಿದ್ರೆ ನಾನೇ ಎದ್ದು ನಿಲ್ತೀನಿ, ಕಾರು ನಿಲ್ಲಲ್ಲ!"

"ಹ್ಯಾಂಡ್‌ಬ್ರೇಕು!"

ಹ್ಯಾಂಡ್‌ಬ್ರೇಕು ಹಿಡಿಯುವುದೂ ಹಿಂದಿನ ಅದೇ ಶೂಗಳನ್ನು. ಅವಕ್ಕೂ ಹೊಟ್ಟೆ ತುಂಬ ಎಣ್ಣೆಯಾಗಿತ್ತು. ಮನೆಯಾಕೆ ಇನ್ನು ಯಾರ ಸಲಹೆಯನ್ನೂ ಕೇಳದೆ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿ, ಗೇರು ಇಳಿಸಿ ಮೊದಲನೆಯದಕ್ಕೆ ತಂದಳು. ಏರುರಸ್ತೆಯಲ್ಲಿ ಕಾರು ಏದುಸಿರು ಬಿಡುತ್ತ ನಿಧಾನವಾಯಿತು, ಆದರೆ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಹಿಂದಕ್ಕೆ ಜಾರುತ್ತದೆ. ಅತ್ತೆಯವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸರೀರಪ್ಪಾ, ಸರೀರಿ, ಅಳಿಯಂದಿರು ರಿಪೇರಿ ಮಾಡಿದ್ದಾರೆ!" ಎಂದು ದಾರಿಯುದ್ದಕ್ಕೂ ಕೂಗಿದರು. ಕಾರು ನಡಿಗೆಯ ವೇಗದಲ್ಲಿ ಗ್ಯಾರೇಜಿನ ಅಂಗಳಕ್ಕೆ ಹೊಕ್ಕು, ಹಳೆಯ ಟೈರುಗಳ ರಾಶಿಗೆ ಮೂಗು ಊರಿ, ಒಮ್ಮೆ ಕೆಮ್ಮಿ, ತಾನಾಗಿಯೇ ನಿಂತಿತು.

ಮೇಸ್ತ್ರಿ ಚಹಾದ ಲೋಟ ಕೆಳಗಿಟ್ಟು ಬಂದರು. ಏನೂ ಕೇಳದೆ ಒಂದು ಚಕ್ರ ಬಿಚ್ಚಿದರು, ಡ್ರಮ್ಮು ಎಳೆದರು, ಬಗ್ಗಿ ಮೂಸಿದರು.

"ಎಣ್ಣೆ ಹಾಕಿದೋರು ಯಾರು?"

ಯಜಮಾನರು ಅಂಗಳದ ಆಚೆಯ ಗೋಡೆಯನ್ನು ನೋಡಿದರು. ಅತ್ತೆಯವರು ಅಳಿಯನನ್ನು ನೋಡಿದರು. ಮನೆಯಾಕೆ ಯಾರನ್ನೂ ನೋಡಲಿಲ್ಲ. ಬೈದಿದ್ದರೆ ಯಜಮಾನರಿಗೆ ಸಮಾಧಾನವಾಗುತ್ತಿತ್ತು. ಆಕೆ ಬೈಯಲಿಲ್ಲ.

"ನಾನೇ," ಎಂದರು ಯಜಮಾನರು. "ಉಜ್ಜುತ್ತಿತ್ತು."

"ಉಜ್ಜಬೇಕು ಯಜಮಾನ್ರೇ. ಉಜ್ಜೋದೇ ಅದರ ಕೆಲಸ."

ಮೇಸ್ತ್ರಿ ಗೇಲಿ ಮಾಡಲಿಲ್ಲ, ಇದ್ದದ್ದನ್ನು ಹೇಳಿದರು. ಯಜಮಾನರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. ನಲವತ್ತು ವರ್ಷ ಅವರ ಬಳಿಗೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು: ನಿಂತುಹೋಗಿದೆ, ನಡೆಯೋ ಹಾಗೆ ಮಾಡಿಕೊಡಿ. ನಿಲ್ಲುವುದೆಂದರೆ ಸೋಲು, ಉಜ್ಜುವುದೆಂದರೆ ರೋಗ. ನಿಲ್ಲುವುದಕ್ಕಾಗಿಯೇ ಹುಟ್ಟಿದ ಯಂತ್ರವೊಂದು ಇರಬಹುದು, ಅದಕ್ಕೆ ಉಜ್ಜಾಟವೇ ಉಸಿರಾಗಿರಬಹುದು ಎಂದು ಅವರಿಗೆ ಹೊಳೆದೇ ಇರಲಿಲ್ಲ. ನಯವಾಗಿದ್ದರೆ ಎಲ್ಲವೂ ಸರಿ ಇದೆ ಎಂದುಕೊಂಡಿದ್ದರು. (ಸಂಸಾರಕ್ಕೂ ಈ ಮಾತು ಅನ್ವಯಿಸುತ್ತದೆ ಎಂದು ಆ ಗಳಿಗೆಯಲ್ಲೇ ಅವರಿಗೆ ಅನ್ನಿಸಿತು. ಬಾಯಿಬಿಟ್ಟು ಹೇಳದಿರುವಷ್ಟು ಬುದ್ಧಿಯೂ ಇತ್ತು.) ಆದರೆ ಎಲ್ಲಕ್ಕಿಂತ ಹೆಚ್ಚು ಕೊರೆದದ್ದು ಬೇರೆ: ಆ ಕಾರಿನೊಳಗೆ ಹೆಂಡತಿ ಇದ್ದಳು. ಆಕೆ ಎಡಕ್ಕೆ ತಿರುಗಿದ್ದರೆ? ಅವರ ಕೈಯ ನಡುಕ ಈಗ ಎಲ್ಲರಿಗೂ ಕಾಣುವಂತಿತ್ತು.

ಮನೆಯಾಕೆ ಅದನ್ನು ನೋಡಿದಳು. ಮೇಸ್ತ್ರಿಯ ಕಡೆ ತಿರುಗಿ, "ಎಣ್ಣೆ ಬಿಟ್ಟು ಮಿಕ್ಕಿದ್ದು ಹೇಗಿದೆ? ನಿಜ ಹೇಳಿ," ಎಂದಳು.

ಮೇಸ್ತ್ರಿ ಮೊಣಕಾಲೂರಿ ಕೂತರು. ಸ್ಪ್ರಿಂಗು ಎಳೆದು ನೋಡಿದರು, ಹಲ್ಲಿನ ಚಕ್ರ ತಿರುಗಿಸಿ ನೋಡಿದರು. ಎರಡನೆಯ ಚಕ್ರ ಬಿಚ್ಚಿದರು. ಆಮೇಲೆ ಯಾರೂ ಕೇಳದೆಯೇ ಮೂರನೆಯದನ್ನೂ ನಾಲ್ಕನೆಯದನ್ನೂ ಬಿಚ್ಚಿದರು.

"ಅಕ್ಕಾ, ಸುಳ್ಳು ಯಾಕೆ? ನಾಲ್ಕೂ ಕಡೆ ಕೂದಲೆಳೆ ವ್ಯತ್ಯಾಸ ಇಲ್ಲ. ಇಷ್ಟು ಸಮವಾಗಿ ನಾನೂ ಕೂರಿಸಿಲ್ಲ. ಎಣ್ಣೆ ಕುಡಿದ ಲೈನಿಂಗ್ ಮಾತ್ರ ಬಿಸಾಕ್ಬೇಕು. ಹೊಸದು ಹಾಕಿದ್ರೆ ಈ ಕಾರು ನಿಂತಂಗೆ ಇನ್ಯಾವ್ದೂ ನಿಲ್ಲಲ್ಲ."

"ಹಾಗಾದ್ರೆ ಇವರೇ ಹಾಕ್ಲಿ," ಎಂದಳು ಮನೆಯಾಕೆ.

ಯಜಮಾನರು ತಲೆ ಎತ್ತಿದರು. "ನಾನಾ?"

"ಇನ್ಯಾರು? ಕೂರಿಸಿದ್ದು ಚೆನ್ನಾಗಿದೆ ಅಂತ ಅವರೇ ಹೇಳ್ತಿದ್ದಾರಲ್ಲ. ಎಣ್ಣೆ ಶೀಸೆ ಮಾತ್ರ ನನ್ನ ಕೈಲಿ ಕೊಟ್ಬಿಡಿ."

"ಅದು ಖಾಲಿಯಾಗಿದೆ," ಎಂದರು ಅತ್ತೆಯವರು.

ಈ ಸಲ ಹೆಂಡತಿಯ ದನಿಯಲ್ಲಿ ಕನಿಕರ ಇರಲಿಲ್ಲ. ಯಜಮಾನರಿಗೆ ಕಣ್ಣು ತುಂಬಿ ಬಂತು; ಗ್ಯಾರೇಜಿನ ಪೆಟ್ರೋಲಿನ ವಾಸನೆ ಎಂದು ಸಮಜಾಯಿಷಿ ಕೊಟ್ಟರು. ಅದೇ ಅಂಗಳದಲ್ಲಿ ಎರಡು ದಿನ ಕೂತು, ಡ್ರಮ್ಮುಗಳನ್ನು ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ, ಹೊಸ ಲೈನಿಂಗಿನ ಶೂಗಳನ್ನು ಒಣಗೈಯಲ್ಲಿ ಕೂರಿಸಿದರು. ಚಕ್ರ ತಿರುಗಿಸಿದಾಗ ಸರ್... ಸರ್... ಎಂದು ಉಜ್ಜಿತು. ಕಿವಿಗೆ ಹಿಂಸೆಯಾದರೂ ಹಲ್ಲು ಕಚ್ಚಿ ಸಹಿಸಿಕೊಂಡರು. ಮೇಸ್ತ್ರಿ ತಾವೇ ಒಂದು ಸುತ್ತು ಓಡಿಸಿ ಬಂದು, ಇಳಿದು, ಕೈ ಕುಲುಕಿದರು.

ಮೂರನೆಯ ದಿನ ಬೆಳಿಗ್ಗೆ ಮತ್ತೆ ಅದೇ ಮೂವರು, ಅದೇ ಸೀಟು. ಅಡ್ಡರಸ್ತೆಯಲ್ಲಿ ಮನೆಯಾಕೆ ಒಂದೇ ಸಲ ತುಳಿದಳು. ಕಾರು ನಿಂತಿತು. ಕೀಚೆನ್ನಲಿಲ್ಲ, ಎಡಕ್ಕೆ ಎಳೆಯಲಿಲ್ಲ. ಆಕೆ ಗಂಡನನ್ನು ನೋಡಿ ನಕ್ಕಳು. ಆ ನಗೆಯನ್ನು ಅವರು ಬಹಳ ವರ್ಷದಿಂದ ನೋಡಿರಲಿಲ್ಲ. ಆಮೇಲೆ ಎಡಕ್ಕೆ ತಿರುಗಿಸಿ, ಇಳಿಜಾರು ಇಳಿದು, ಮಾರುಕಟ್ಟೆ ದಾಟಿ, ದೊಡ್ಡ ರಸ್ತೆಗೆ ಬಂದಳು.

"ಇಲ್ಲಿಗ್ಯಾಕೆ?" ಎಂದರು ಯಜಮಾನರು.

"ಸುಮ್ನೆ," ಎಂದಳಾಕೆ, ಮತ್ತು ಆಕ್ಸಿಲರೇಟರು ಒತ್ತಿದಳು.

ಆರು ವರ್ಷ ಸೈಕಲ್ಲಿನವರಿಂದ ಬೆಲ್ ಹೊಡೆಸಿಕೊಂಡ ಕಾರು ಅದು. ಮೊದಲು ಸೈಕಲ್ಲುಗಳು ಹಿಂದಾದವು, ಆಮೇಲೆ ಸ್ಕೂಟರುಗಳು, ಆಮೇಲೆ ಒಂದು ಬಸ್ಸು. ಮುಳ್ಳು ನೋಡುವುದೇ ಉದ್ಯೋಗವಾಗಿದ್ದ ಯಜಮಾನರು ಸ್ಪೀಡೋಮೀಟರಿನ ಮುಳ್ಳನ್ನು ನೋಡಿದರು. ಅದು ನಲವತ್ತು ದಾಟಿ, ಅರವತ್ತು ದಾಟಿ, ತಾನೂ ಹಿಂದೆಂದೂ ಕಾಣದ ಅಂಕಿಗಳ ಕಡೆಗೆ ನಡುಗುತ್ತ ಹೊರಟಿತ್ತು. ಅವರ ಬಲಗಾಲು ತಾನಾಗಿಯೇ ತಮ್ಮ ಕಡೆಯ ನೆಲವನ್ನು ತುಳಿಯಿತು. ಅಲ್ಲಿ ಯಾವ ಪೆಡಲೂ ಇರಲಿಲ್ಲ.

"ನಿಧಾನ! ನಿಧಾನ ಕಣೇ!"

"ಯಾಕ್ರೀ?"

"ಮುಂದೆ ಲಾರಿ ನಿಂತಿದೆ!"

"ಇರ್ಲಿ ಬಿಡಿ. ಬ್ರೇಕು ಮಾಡಿದ್ದು ಯಾರು?"

ನಿಧಾನ ಎಂದರೆ ತಮ್ಮ ಕೈಕೆಲಸವನ್ನು ತಾವೇ ನಂಬುವುದಿಲ್ಲ ಎಂದಂತೆ. ಯಜಮಾನರು ಕಣ್ಣು ಮುಚ್ಚಿಕೊಂಡರು. ಹಿಂದಿನ ಸೀಟಿನಲ್ಲಿ ಅತ್ತೆಯವರು ಕಿಟಕಿಯ ಗಾಜು ಪೂರ್ತಿ ಇಳಿಸಿ ಗಾಳಿಗೆ ಮುಖ ಕೊಟ್ಟು ಕೂತಿದ್ದರು.

ಲಾರಿಯ ಹಿಂಭಾಗ ದೊಡ್ಡದಾಗುತ್ತ ಬಂತು. ಮನೆಯಾಕೆ ತುಳಿದಳು. ಕಾರು ಲಾರಿಯ ಹಿಂದೆ, ಮಾರು ದೂರದಲ್ಲಿ, ಗೆರೆ ಎಳೆದಂತೆ ನಿಂತಿತು. ಯಜಮಾನರು ಕಣ್ಣು ಬಿಟ್ಟಾಗ ಅವರ ಎರಡೂ ಕೈ ಡ್ಯಾಶ್‌ಬೋರ್ಡನ್ನು ತಬ್ಬಿಕೊಂಡಿದ್ದವು.

"ನೋಡಿದ್ರಾ!" ಎಂದಳು ಮನೆಯಾಕೆ. ಆಕೆಯ ಮುಖ ಹೊಳೆಯುತ್ತಿತ್ತು. "ಇಷ್ಟು ವರ್ಷ ನಿಲ್ಲುತ್ತೋ ಇಲ್ವೋ ಅಂತಲೇ ನಾನು ಜೋರಾಗಿ ಓಡಿಸಿರ್ಲಿಲ್ಲ ರೀ. ಈಗ ನೀವು ಮಾಡಿದ್ದೀರಿ ಅಂದ್ಮೇಲೆ ನಂಗಿನ್ನೇನು ಭಯ? ಇನ್ನೊಂದ್ ಸಲ, ಇನ್ನೂ ಸ್ವಲ್ಪ ಜೋರಾಗಿ ಹೋಗಿ ನೋಡೋಣ. ನಿಮಗೆ ಭಯ ಇಲ್ಲ ತಾನೇ?"

ಭಾನುವಾರದ ಆ ರಸೀದಿಯಿಂದ ಈವರೆಗೆ ಯಜಮಾನರು ಕೇಳಬೇಕೆಂದು ಹಂಬಲಿಸಿದ್ದು ಇದೇ ಮಾತನ್ನು. ಈಗ ಸಿಕ್ಕಿತ್ತು, ಇಡಿಯಾಗಿ, ಗಂಟೆಗೆ ಎಂಬತ್ತು ಕಿಲೋಮೀಟರಿನಂತೆ.

"ಇಲ್ಲ," ಎಂದರು ಅವರು ಕ್ಷೀಣವಾಗಿ, ಮತ್ತು ಎರಡೂ ಕಾಲುಗಳಿಂದ ಇಲ್ಲದ ಪೆಡಲನ್ನು ತುಳಿದು ಹಿಡಿದರು.